ಹೊಲಿಗೆ ಬಿಚ್ಚಿಸುವವರು ಬೇಕಾಗಿದ್ದಾರೆ

"ಇದ್ರೊಳೀಕೆ ನಾನೂ ನಮ್ ಸೊಸೆನೂ ಇಬ್ರೂ ಹಿಡೀತೀವಿ ಕಣ್ ಬಾಗ್ಯ."

ಕಳೆದ ತಿಂಗಳು ಗೌರಮ್ಮನವರು ನನ್ನ ಅಂಗಡಿಯ ಟೇಬಲ್ ಮೇಲೆ ತಮ್ಮ ಹೊಸ ಬ್ಲೌಸನ್ನು ಹರಡಿ ಹೇಳಿದ ಮಾತು ಇದು. ಜೊತೆಗೆ ಬಂದಿದ್ದ ಸೊಸೆ ಸವಿತಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನು ನಗಲಿಲ್ಲ. ಆ ಬ್ಲೌಸನ್ನು ಹೊಲಿದದ್ದು ನಾನು. ಅದರ ಲೆಕ್ಕ ಹಾಕಿದ್ದು ನನ್ನ ಕಂಪ್ಯೂಟರು. ಆ ಕಂಪ್ಯೂಟರಿಗೆ ಲೆಕ್ಕ ಹೇಳಿಕೊಟ್ಟವಳು ಮತ್ತೆ ನಾನೇ. ತಪ್ಪಿಸಿಕೊಳ್ಳಲು ದಾರಿ ಎಲ್ಲಿದೆ ಹೇಳಿ?

ಈ ಅಂಕಣದ ಹೊಸ ಓದುಗರಿಗೆ ಒಂದು ಮಾತು. (ಹಳಬರು ಬೇಕಾದರೆ ಅಷ್ಟರಲ್ಲಿ ಟೀ ಕುಡಿದು ಬನ್ನಿ.) ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಚೂಡಿದಾರ್, ಫಾಲ್ಸ್, ಜಿಗ್‌ಜಾಗ್. ನಡುವೆ ಬಿಡುವಾದಾಗ ಪ್ರೋಗ್ರಾಮ್ ಬರೆಯುತ್ತೇನೆ. ಓದಿದ್ದು ಬಿ.ಎ. ಪ್ರೋಗ್ರಾಮಿಂಗ್ ಕಲಿತದ್ದು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ಗುಂಡಿ ಹಾಕುತ್ತಾ ಹಾಕುತ್ತಾ. ಆಮೇಲೆ ನಮ್ಮ ಯಜಮಾನರು ಎಲ್ಲಿಂದಲೋ ಒಂದು ಹಳೇ ಲ್ಯಾಪ್‌ಟಾಪ್ ತಂದುಕೊಟ್ಟರು. ಅದರಲ್ಲಿ ಎರಡು ಅಕ್ಷರದ ಕೀ ಇಲ್ಲ. ಆದರೂ ಕೆಲಸ ಮಾಡುತ್ತದೆ, ನನ್ನ ಹಾಗೆ.

ಪ್ರೋಗ್ರಾಮಿಗೆ ಟೈಲರ್ ಅಂಗಡಿಯಲ್ಲಿ ಏನು ಕೆಲಸ ಎನ್ನುತ್ತೀರಾ? ಕೇಳಿ. ನಮ್ಮ ಕಡೆ ಹೆಂಗಸರು ಟೇಪಿನಲ್ಲಿ ಮೈ ಅಳತೆ ಕೊಡುವುದು ಕಡಿಮೆ. ಮನೆಯಿಂದ ಒಂದು ಬ್ಲೌಸ್ ತರುತ್ತಾರೆ, ಅದೇ ಅಳತೆ ಬ್ಲೌಸ್. ಕೊಟ್ಟವರು ಸುಮ್ಮನೆ ಹೋಗುವುದಿಲ್ಲ, ಬಾಗಿಲ ತನಕ ಹೋಗಿ ತಿರುಗಿ, "ಇದೇ ಅಳತೆ, ಆದ್ರೆ ಒಸಿ ಲೂಸ್ ಬುಡು" ಎನ್ನುತ್ತಾರೆ. ಒಸಿ ಅಂದರೆ ಸ್ವಲ್ಪ. ಎಷ್ಟು ಸ್ವಲ್ಪ? ಅದು ಆ ದೇವರಿಗೂ ಟೈಲರಿಗೂ ಮಾತ್ರ ಗೊತ್ತಿರಬೇಕು. ಒಬ್ಬರ ಒಸಿ ಒಂದು ದಾರದಷ್ಟು, ಇನ್ನೊಬ್ಬರ ಒಸಿ ಅರ್ಧ ಇಂಚು. ಗೌರಮ್ಮನವರ ಒಸಿ ಇನ್ನೂ ಧಾರಾಳ.

ಹಾಗಾಗಿ ನಾನು ಬರೆದ ಪ್ರೋಗ್ರಾಮಿನಲ್ಲಿ ಪ್ರತಿಯೊಬ್ಬ ಗಿರಾಕಿಗೂ ಅವರದೇ ಆದ ಒಂದು ಒಸಿ ಇದೆ. ಹೆಸರೇ ಒಸಿ, ಇಂಗ್ಲಿಷ್ ಅಕ್ಷರದಲ್ಲಿ. ತೋಳು, ಕಂಕುಳು, ಸುತ್ತಳತೆ ಎಲ್ಲವೂ ಹಾಗೇ ಇಂಗ್ಲಿಷ್ ಅಕ್ಷರದ ಕನ್ನಡ. (ಬೇರೆ ಹೆಸರು ಇಡಬೇಕೆಂದು ಹೇಳುವವರು ಯಾರಿದ್ದರು?) ಅಳತೆ ಬ್ಲೌಸನ್ನು ಅಳೆದು ಟೈಪ್ ಮಾಡಿದರೆ ಸಾಕು, ಅವರ ಒಸಿ ಸೇರಿಸಿಕೊಂಡು ಎಲ್ಲೆಲ್ಲಿ ಎಷ್ಟು ಕತ್ತರಿಸಬೇಕೆಂದು ಅದೇ ಹೇಳುತ್ತದೆ. ಮೊದಲ ಸಲ ಅದು ಹೇಳಿದ ಅಳತೆಯೂ ನಾನು ಚಾಕ್‌ಪೀಸಿನಲ್ಲಿ ಹಾಕಿದ ಗೆರೆಯೂ ಒಂದೇ ಆದಾಗ ಎದ್ದು ನಿಂತುಬಿಟ್ಟೆ. ಆ ಖುಷಿಯನ್ನು ಏನೆಂದು ಬರೆಯಲಿ? ಯಾರಿಗಾದರೂ ಹೇಳಲೇಬೇಕಿತ್ತು. ಅಂಗಡಿಯಲ್ಲಿದ್ದ ಹೆಂಗಸಿಗೆ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ತನ್ನ ಫಾಲ್ಸ್ ಆಯಿತಾ ಎಂದು ವಿಚಾರಿಸಿದಳು.

ನಮ್ಮೂರಿನಲ್ಲಿ ಸಲಹೆಗೆ ಕೊರತೆಯಿಲ್ಲ. ಸ್ಕೂಟರ್ ನಿಲ್ಲಿಸಿದರೆ ಇಬ್ಬರು ಬಂದು ಇನ್ನೂ ಎಡಕ್ಕೆ ಹಾಕಿ ಎನ್ನುತ್ತಾರೆ. ಸಾರಿಗೆ ಹುಳಿ ಹೆಚ್ಚಾದರೆ ಪಕ್ಕದ ಮನೆಯವರು ವಾಸನೆಯಲ್ಲೇ ಕಂಡುಹಿಡಿಯುತ್ತಾರೆ. ಮೊನ್ನೆ ಇದೇ ಅಂಕಣದಲ್ಲಿ ಸರಗೂರು ಬಸ್ಸಿನ ಸಮಯ ತಪ್ಪಾಗಿ ಬರೆದಿದ್ದಕ್ಕೆ ನಿಮ್ಮಲ್ಲಿ ಎಷ್ಟು ಜನ ಫೋನ್ ಮಾಡಿ ಬೈದಿರಿ, ನೆನಪಿದೆಯೇ? ಆದರೆ ಇಷ್ಟು ವರ್ಷ ನಾನು ಬರೆದ ಕೋಡಿನ ಒಂದೇ ಒಂದು ಸಾಲಿನ ಮೇಲೆ ಬೆರಳಿಟ್ಟು, ಇದು ತಪ್ಪು ಎಂದವರು ಈ ತಾಲ್ಲೂಕಿನಲ್ಲಿ ಒಬ್ಬರೂ ಇರಲಿಲ್ಲ.

ನನಗೆ ಹೊಲಿಗೆ ಕಲಿಸಿದವರು ಸರಗೂರಿನ ಪುಟ್ಟತಾಯಮ್ಮ. ನಾನು ಹೊಲಿದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆಮೇಲೆ ಒಂದೇ ಮಾತು: "ಬಿಚ್ಚು." ಬ್ಲೇಡ್ ಹಿಡಿದು ಅಷ್ಟೂ ಹೊಲಿಗೆ ಬಿಚ್ಚಬೇಕು. ಮತ್ತೆ ಹೊಲಿಯಬೇಕು. ಆಗ ಆ ಮಾತು ಕೇಳಿದರೆ ಅಳು ಬರುತ್ತಿತ್ತು. ಈಗ ಅದನ್ನು ಕೇಳಲು ಎಷ್ಟು ಆಸೆಯಾಗುತ್ತದೆ ಗೊತ್ತೇ? ಪಕ್ಕದಲ್ಲಿ ಕೂತು, ನನ್ನ ಸ್ಕ್ರೀನನ್ನು ಬೆಳಕಿಗೆ ಹಿಡಿದವರಂತೆ ನೋಡಿ, ಬಿಚ್ಚು ಎನ್ನುವವರು ಒಬ್ಬರು ಬೇಕು. ವಿಡಿಯೋದಲ್ಲಿ ಪಾಠ ಹೇಳುವವರಿಗೆ ನಾನು ಕಾಣುವುದಿಲ್ಲ. ಇಂಟರ್ನೆಟ್ಟಿನಲ್ಲಿ ಒಮ್ಮೆ ಧೈರ್ಯ ಮಾಡಿ ಒಂದು ಪ್ರಶ್ನೆ ಕೇಳಿದ್ದೆ. ಮೊದಲು ಪ್ರಶ್ನೆ ಕೇಳುವ ನಿಯಮಗಳನ್ನು ಓದಿಕೊಂಡು ಬಾ ಎಂದು ಉತ್ತರ ಬಂತು. ಓದಿದೆ. ಮತ್ತೆ ಕೇಳುವ ಮನಸ್ಸಾಗಲಿಲ್ಲ.

ಒಂದು ಅವಕಾಶ ಸಿಕ್ಕಿತ್ತು. ನಮ್ಮ ಯಜಮಾನರು ಬೀಚನಹಳ್ಳಿ ಕಡೆಯ ರೆಸಾರ್ಟೊಂದರಲ್ಲಿ ಜೀಪ್ ಓಡಿಸುತ್ತಾರೆ. ಕಳೆದ ಚಳಿಗಾಲದಲ್ಲಿ ಅಲ್ಲಿಗೆ ದೊಡ್ಡ ಕಂಪನಿಯ ದೊಡ್ಡ ಎಂಜಿನಿಯರೊಬ್ಬರು ಸಂಸಾರ ಸಮೇತ ಬಂದಿದ್ದರು. ಯಜಮಾನರು ಕಾಡು ಸುತ್ತಿಸುವಾಗ ನನ್ನ ವಿಷಯ ಹೇಳಿದರಂತೆ. ಕರೆದುಕೊಂಡು ಬನ್ನಿ ಎಂದರಂತೆ. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಹೋದೆ. ಹೋಗುವ ದಾರಿಯುದ್ದಕ್ಕೂ ಯಾವ ಸಾಲನ್ನು ಮೊದಲು ತೋರಿಸಬೇಕು ಎಂದೇ ಯೋಚನೆ.

ಒಳ್ಳೆಯ ಮನುಷ್ಯ. ಕಾಫಿ ಕೊಡಿಸಿದರು. ಹೇಗೆ ಕಲಿತಿರಿ ಎಂದು ಕೇಳಿದರು. ಹೆಂಡತಿಯನ್ನು ಕರೆದು ಪರಿಚಯಿಸಿದರು. ಫೋಟೋ ತೆಗೆಸಿಕೊಂಡರು. ನಾನು ಲ್ಯಾಪ್‌ಟಾಪ್ ತೆರೆದು ಅವರ ಕಡೆ ತಿರುಗಿಸಿದೆ. ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಸರಿಸಿ, ಗ್ರೇಟ್ ಎಂದರು. ಅಷ್ಟರಲ್ಲಿ ಸಫಾರಿಗೆ ಹೊತ್ತಾಯಿತು. ಅವರದೇನೂ ತಪ್ಪಿಲ್ಲ ಬಿಡಿ. ರಜೆ ಹಾಕಿ ಹುಲಿ ನೋಡಲು ಬಂದವರು. ನಾನು ಮದುವೆ ಊಟಕ್ಕೆ ಕೂತಾಗ ಯಾರಾದರೂ ಕೈಗೆ ಕತ್ತರಿ ಕೊಟ್ಟರೆ ನನಗೂ ಹಾಗೇ ಆದೀತು.

ವಾಪಸ್ ಬರುವಾಗ ಯಜಮಾನರು ಕೇಳಿದರು, "ಅಷ್ಟೊಂದ್ ಒಗುಳುದ್ರಲ್ಲ, ಇನ್ನೇನ್ ಬೇಕಿತ್ತು ನಿಂಗೆ?"

ಹೊಗಳಿಕೆ ಬೇಡವಾಗಿತ್ತು, ಅವರು ನನ್ನ ಕೋಡನ್ನು ಓದಬೇಕಾಗಿತ್ತು ಎನ್ನಲೇ? ಗ್ರೇಟ್ ಎನ್ನಿಸಿಕೊಂಡು ಅಷ್ಟು ಒಂಟಿಯಾಗಿ ನಾನು ಯಾವತ್ತೂ ಮನೆಗೆ ಬಂದಿರಲಿಲ್ಲ.

ಈಗ ಗೌರಮ್ಮನವರ ಬ್ಲೌಸಿಗೆ ಬರೋಣ. ಅದೊಂದೇ ಅಲ್ಲ, ಸ್ವಲ್ಪ ದಿನಗಳಿಂದ ಹಳೇ ಗಿರಾಕಿಗಳ ಬ್ಲೌಸೆಲ್ಲ ಲೂಸಾಗುತ್ತಿದ್ದವು. ಹೊಸಬರದು ಸರಿಯಾಗಿರುತ್ತಿತ್ತು. ಕೋಡನ್ನು ಮೇಲಿಂದ ಕೆಳಗೆ ಓದಿದೆ, ಕೆಳಗಿಂದ ಮೇಲೆ ಓದಿದೆ. ಎಲ್ಲಾ ಸರಿಯಾಗೇ ಕಾಣುತ್ತಿತ್ತು. ತಾನೇ ಬರೆದದ್ದನ್ನು ತಾನೇ ಓದಿದರೆ ಬರೆಯಬೇಕೆಂದುಕೊಂಡದ್ದು ಕಾಣುತ್ತದೆಯೇ ಹೊರತು ಬರೆದದ್ದು ಕಾಣುವುದಿಲ್ಲ. ಬೇರೆ ದಾರಿಯಿಲ್ಲದೆ ಬಂದ ಬ್ಲೌಸನ್ನೆಲ್ಲ ಬಿಚ್ಚಿ ಕೈಯಲ್ಲೇ ಒಳಗೆ ಹಿಡಿದುಕೊಡುತ್ತಿದ್ದೆ. ಹೀಗೇ ಇನ್ನೊಂದಷ್ಟು ದಿನ ನಡೆದರೆ ಪ್ರೋಗ್ರಾಮನ್ನೇ ಅಳಿಸಿಹಾಕಿ ಮತ್ತೆ ಟೇಪು, ತಲೆ ಎರಡನ್ನೇ ನಂಬುವುದು ಎಂದು ತೀರ್ಮಾನಿಸಿದ್ದೆ.

ಗೌರಮ್ಮನವರ ಹೊಲಿಗೆ ಬಿಚ್ಚುತ್ತಾ ಕೂತಿದ್ದಾಗ ಸವಿತಾ ಲ್ಯಾಪ್‌ಟಾಪಿನ ಕಡೆ ನೋಡಿ, ತನ್ನ ಅಣ್ಣನೂ ಪ್ರೋಗ್ರಾಮ್ ಅಂತ ಹೀಗೇ ಏನೇನೋ ಟೈಪ್ ಮಾಡುತ್ತಾ ಕೂರುತ್ತಾನೆ ಎಂದಳು. ಅಣ್ಣನ ಹೆಸರು ಶಿವಣ್ಣ. ಹುಣಸೂರಿನಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ. ಓದಿದ್ದು ಹತ್ತನೇ ಕ್ಲಾಸು. ನನ್ನ ಕೈಯಲ್ಲಿದ್ದ ಬ್ಲೇಡು ಅಲ್ಲೇ ನಿಂತಿತು. ಅವರ ನಂಬರ್ ತೆಗೆದುಕೊಂಡು, ಮುಜುಗರ ಪಡುತ್ತಲೇ ನನ್ನ ಪ್ರೋಗ್ರಾಮನ್ನು ಅವರ ಫೋನಿಗೆ ಕಳಿಸಿದೆ. ಬಿಡುವಾದಾಗ ನೋಡಿ, ಇಲ್ಲದಿದ್ದರೆ ಬೇಡ ಎಂದು ಒಂದು ಸಾಲು ಬರೆದೆ. ಬರೆದ ಮೇಲೆ ಆ ಸಾಲಿನ ಎರಡನೇ ಅರ್ಧವನ್ನು ಯಾಕೆ ಬರೆದೆನೋ ಎಂದು ಪೇಚಾಡಿಕೊಂಡೆ. ನಿಜವಾಗಿಯೂ ನೋಡದೇ ಇದ್ದುಬಿಟ್ಟರೆ?

ಕೆಲವು ದಿನ ಸುದ್ದಿಯೇ ಇಲ್ಲ. ಒಂದು ಭಾನುವಾರ ಮಧ್ಯಾಹ್ನ ಫೋನ್ ಬಂತು. ತಾನು ಯಾರೆಂದು ಹೇಳಿ, ಊಟ ಆಯಿತಾ ಎಂದು ಕೇಳಿ, ಆಮೇಲೆ ಶಿವಣ್ಣ ಸಂಕೋಚದಿಂದ ಮಾತು ತೆಗೆದರು.

"ತಪ್ಪು ತಿಳ್ಕಬ್ಯಾಡಿ ಅಕ್ಕ. ಅಳತೆ ಬ್ಲೌಸು ಯಾರ್ ವಲ್ದಿದ್ದು ಅಂತ ನಿಮ್ ಪ್ರೋಗ್ರಾಮು ಕೇಳದೇ ಇಲ್ವಲ್ಲ?"

ಅದನ್ನು ಯಾಕೆ ಕೇಳಬೇಕು ಎಂದೆ.

"ಬೇರೆವ್ರು ವಲ್ದಿದ್ರೆ ಒಸಿ ಸೇರುಸ್ಬೇಕು, ಸರಿ. ನೀವೇ ವಲ್ದಿದ್ರೆ ಅದ್ರಲ್ಲಿ ಒಸಿ ಆಗ್ಲೇ ಸೇರಿರ್ತದೆ. ಅದ್ರ ಮ್ಯಾಲೇ ಮತ್ತೆ ಸೇರುಸ್ತಾ ಇದ್ದೀರಿ."

ನಮ್ಮ ಹೆಂಗಸರು ಮಾಡುವುದೇ ಹಾಗಲ್ಲವೇ? ಈ ಸಲ ಹೊಲಿಸಿದ ಬ್ಲೌಸನ್ನೇ ಮುಂದಿನ ಸಲ ಅಳತೆ ಬ್ಲೌಸ್ ಎಂದು ತರುತ್ತಾರೆ. ನನ್ನ ಪ್ರೋಗ್ರಾಮು ಪ್ರತಿ ಸಲವೂ ಅದಕ್ಕೆ ಇನ್ನೊಂದು ಒಸಿ ಸೇರಿಸುತ್ತಾ ಹೋಗುತ್ತಿತ್ತು. ಕೈಯಲ್ಲಿ ಲೆಕ್ಕ ಹಾಕುವಾಗ ಈ ತಪ್ಪು ಆಗುತ್ತಿರಲಿಲ್ಲ. ನನ್ನ ಹೊಲಿಗೆ ನನಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಕೈ ತಾನೇ ತಾನಾಗಿ ಸೇರಿಸುವುದನ್ನು ಬಿಡುತ್ತದೆ. ಕೈಗೆ ಗೊತ್ತಿದ್ದದ್ದನ್ನು ಕಂಪ್ಯೂಟರಿಗೆ ಹೇಳುವುದನ್ನೇ ಮರೆತಿದ್ದೆ.

ಬ್ಲೌಸ್ ಹೊಲಿಯದವರಿಗೆ ಇದು ಹೊಳೆದದ್ದಾದರೂ ಹೇಗೆ? ಕೇಳಿದೆ. ಅವರ ಅಂಗಡಿಗೆ ಸುಟ್ಟ ಮೋಟಾರು ಬಂದರೆ ಹಳೇ ತಂತಿ ಬಿಚ್ಚಿ, ಎಷ್ಟು ಸುತ್ತು ಇತ್ತೆಂದು ಎಣಿಸಿ, ಹೊಸ ತಂತಿಯನ್ನು ಅಷ್ಟೇ ಸುತ್ತು ಸುತ್ತುತ್ತಾರಂತೆ. ಹಿಂದೆ ಸುತ್ತಿದವರು ತಪ್ಪು ಮಾಡಿದ್ದರೆ ಆ ತಪ್ಪೂ ಹೊಸ ಮೋಟಾರಿಗೆ ಬರುತ್ತದೆ. ಹಾಗಾಗಿ ಅವರ ಮೊದಲ ಪ್ರಶ್ನೆಯೇ, ಇದನ್ನು ಹಿಂದೆ ಸುತ್ತಿದ್ದು ಯಾರು ಎಂದು.

ನನಗೆ ಕಣ್ಣಲ್ಲಿ ನೀರು ಬಂತು. ತಪ್ಪು ಸಿಕ್ಕಿತೆಂದಲ್ಲ. ಒಬ್ಬ ಮನುಷ್ಯ ತನ್ನ ಭಾನುವಾರವನ್ನು ಕೊಟ್ಟು, ನನ್ನ ತೋಳು, ನನ್ನ ಕಂಕುಳು, ನನ್ನ ಒಸಿ ಎಲ್ಲವನ್ನೂ ಸಾಲು ಸಾಲಾಗಿ ಓದಿದ್ದರು. ನಾನು ಯಾಕೆ ಹಾಗೆ ಬರೆದೆ ಎಂದು ಯೋಚಿಸಿದ್ದರು. ಹಾಗೆ ಯೋಚಿಸದೆ ಆ ತಪ್ಪು ಸಿಗುವುದು ಸಾಧ್ಯವೇ ಇರಲಿಲ್ಲ.

ಫೋನ್ ಇಡುವ ಮೊದಲು ಅವರೂ ತಡವರಿಸಿದರು. ತನ್ನದೂ ಒಂದಿದೆ, ಬಿಡುವಿದ್ದರೆ ಮಾತ್ರ ನೋಡಿ ಎಂದರು. ಬಿಡುವಿದ್ದರೆ ಮಾತ್ರ! ನನಗೆ ಚೆನ್ನಾಗಿ ಗೊತ್ತಿತ್ತು ಆ ಮಾತಿನ ಅರ್ಥ.

ಆ ವಾರ ಎರಡು ಹೊಲಿಗೆಯ ನಡುವೆ ಸಿಕ್ಕ ಸಮಯದಲ್ಲೆಲ್ಲ ಶಿವಣ್ಣನವರ ಪ್ರೋಗ್ರಾಮ್ ಓದಿದೆ. ಯಾವ ಊರಿನ ಯಾರ ಮೋಟಾರಿಗೆ ಯಾವ ತಂತಿ, ಎಷ್ಟು ಸುತ್ತು ಎಂಬುದನ್ನು ನೆನಪಿಡುವ ಪ್ರೋಗ್ರಾಮ್. ಮೋಟಾರಿನ ವಿಷಯ ನನಗೆ ಸೊನ್ನೆ. ಆದರೆ ಆ ಮನುಷ್ಯ ಎಲ್ಲೆಲ್ಲಿ ಒದ್ದಾಡಿದ್ದಾರೆ ಎಂಬುದು ಕಾಣುತ್ತಿತ್ತು. ಒಂದು ಕಡೆ ಐದಾರು ಸಾಲು ಬರೆದು, ಕೆಲಸಕ್ಕೆ ಬಾರದಿದ್ದರೂ ಅಳಿಸಲು ಮನಸ್ಸಾಗದೆ ಹಾಗೇ ಉಳಿಸಿಕೊಂಡಿದ್ದರು. ಆ ಸಾಲುಗಳನ್ನು ಬರೆದ ದಿನ ಅವರಿಗೆ ಯಾರನ್ನು ಕೇಳಬೇಕೆನಿಸಿರಬಹುದು? ನಾನು ಇಲ್ಲಿ ಒಬ್ಬಳೇ ಕೂತು ಮಂಕಾದ ಎಷ್ಟೋ ಮಧ್ಯಾಹ್ನಗಳು ನೆನಪಾದವು. ಆ ದಿನಗಳಲ್ಲೇ ಇವರು ಸಿಕ್ಕಿದ್ದರೆ ಎಂದು ಎಷ್ಟು ಹಂಬಲಿಸಿದೆನೆಂದರೆ, ಒಂದು ತೋಳನ್ನು ತಿರುಗುಮುರುಗಾಗಿ ಹೊಲಿದುಬಿಟ್ಟೆ.

ಕೊನೆಗೂ ಒಂದು ತಪ್ಪು ಸಿಕ್ಕಿತು. ಅವರು ಮೋಟಾರನ್ನು ಊರಿನ ಹೆಸರು, ಮಾಲೀಕನ ಹೆಸರು ಎರಡರಿಂದಲೇ ಗುರುತಿಸುತ್ತಿದ್ದರು. ನನ್ನ ಅಂಗಡಿಗೆ ಒಂದೇ ಹಳ್ಳಿಯಿಂದ ಬರುವ ಗೌರಮ್ಮಂದಿರು ಎಷ್ಟು ಜನ! ಯಾರು ಯಾರ ಸೊಸೆ, ಯಾರ ಮನೆ ಎಂದು ಬರೆದುಕೊಳ್ಳದೆ ನನಗೆ ಒಂದು ದಿನವೂ ನಡೆಯುವುದಿಲ್ಲ.

ಫೋನ್ ಮಾಡಲು ಭಯವಾಯಿತು. ಬೇಸರವಾದರೆ? ಇನ್ನು ಮುಂದೆ ನನ್ನದನ್ನು ಓದದೇ ಇದ್ದರೆ? ಆದರೂ ಮಾಡಿದೆ. ಒಂದೇ ಊರಿನಲ್ಲಿ ಇಬ್ಬರು ಸಿದ್ದೇಗೌಡರು ಇದ್ದರೆ ನಿಮ್ಮ ಪ್ರೋಗ್ರಾಮ್ ಏನು ಮಾಡುತ್ತದೆ ಎಂದು ಕೇಳಿದೆ.

ಆ ಕಡೆಯಿಂದ ಸಣ್ಣಗೆ ನಗು ಕೇಳಿಸಿತು. ಒಬ್ಬ ಸಿದ್ದೇಗೌಡರ ಮೋಟಾರು ಹೊಸ ತಂತಿ ಸುತ್ತಿದ ಮೇಲೂ ಯಾಕೆ ಮತ್ತೆ ಸುಟ್ಟಿತು ಎಂಬುದು ಅವರಿಗೆ ಈಗ ಗೊತ್ತಾಗಿತ್ತು. ಎರಡನೇ ಸಿದ್ದೇಗೌಡರು ಬಂದು ಮೊದಲನೆಯವರನ್ನು ಅಳಿಸಿಹಾಕಿದ್ದರು, ಅವರ ಮೋಟಾರಿನ ಸುತ್ತಿನ ಲೆಕ್ಕ ಇವರ ಮೋಟಾರಿಗೆ ಬಿದ್ದಿತ್ತು.

"ಇದ್ನ ಯೋಳಾಕೆ ನಂಗೆ ಯಾರೂ ಇರ್ನಿಲ್ಲ ಕಣಕ್ಕ," ಎಂದರು ಶಿವಣ್ಣ.

ಆಮೇಲೆ ನನ್ನ ಅಂಗಡಿ ಎಲ್ಲಿ ಬರುತ್ತದೆ ಎಂದು ಕೇಳಿದರು. ಹೇಳಿದೆ. ಅವರಿಗೆ ಜಾಗ ಗೊತ್ತಿತ್ತು. ತಂಗಿಯ ಮದುವೆಯಾದಾಗಿನಿಂದ ಆ ದಾರಿಯಲ್ಲಿ ಓಡಾಡುತ್ತಿದ್ದಾರೆ. ಹುಣಸೂರು ಬಸ್ಸಿಗೆ ಕಾಯುತ್ತಾ, ಕೈಯಲ್ಲಿ ಮೊಬೈಲ್ ಹಿಡಿದು ಆ ಪ್ರೋಗ್ರಾಮಿನದೇ ತಲೆಬಿಸಿಯಲ್ಲಿ, ಎಷ್ಟೋ ಸಲ ನನ್ನ ಅಂಗಡಿಯ ಎದುರಿನ ಮರದ ಕೆಳಗೇ ನಿಂತಿದ್ದಾರಂತೆ.

ಎಲ್ಲಿಂದಲೋ ಯಾರೋ ಬಂದು ನಮ್ಮದನ್ನು ಓದಲಿ ಎಂದು ರಸ್ತೆಯ ಆ ಕಡೆ ಅವರು, ಈ ಕಡೆ ನಾನು ಕಾಯುತ್ತಿದ್ದೆವಲ್ಲ, ಒಂದು ಸಲವಾದರೂ ಯಾಕೆ ತಲೆಯೆತ್ತಿ ನೋಡಲಿಲ್ಲ?