ರೇಣವ್ವನ ಹತ್ತು ನಿಮಿಷ

ಅಸೂಟಿಯ ಫಕೀರವ್ವನನ್ನು ಊರವರು ಕಿವುಡಿ ಎಂದೇ ಕರೆಯುತ್ತಿದ್ದರು. ಆದರೆ ಅವಳ ಕಿವಿ ಪೂರ್ತಿ ಹೋಗಿರಲಿಲ್ಲ. ಚಕ್ಕಡಿ ಗಡಗಡಿಸುವುದು, ಎಮ್ಮೆ ಒದರುವುದು, ಹಲಗೆ ಬಡಿಯುವುದು ಅವಳಿಗೆ ಗೊತ್ತಾಗುತ್ತಿತ್ತು. ಗಂಡ ಹನಮಪ್ಪ ಎಡಗಿವಿಯ ಹತ್ತಿರ ಬಂದು ತನ್ನ ದಪ್ಪ ದನಿಯಲ್ಲಿ ಕೂಗಿದರೆ ಮಾತೂ ತಿಳಿಯುತ್ತಿತ್ತು. ನಾಲ್ಕು ವರ್ಷದ ಹಿಂದೆ ಬಂದ ಕೆಟ್ಟ ಜ್ವರ ತೆಗೆದುಕೊಂಡು ಹೋದದ್ದು ತೆಳ್ಳಗಿನ ದನಿಗಳನ್ನು. ಗುಬ್ಬಿಯ ದನಿ, ಬಳೆಯ ದನಿ, ಹಸುಗೂಸಿನ ಅಳು. ಒಬ್ಬಳೇ ಮಗಳು ರೇಣವ್ವನ ದನಿ.

ರೇಣವ್ವ ಆಮೇಲೆ ತಾಯಿಯ ಮುಂದೆ ಬಂದು, ಮುಖ ತೋರಿಸಿ, ತುಟಿ ಬಿಡಿಸಿ ಮಾತಾಡುವುದನ್ನು ಕಲಿತಳು. ಹಾಡುವಾಗಲೂ ಹಾಗೆಯೇ. ಬೀಸುವ ಪದಗಳನ್ನೆಲ್ಲ ಅವಳಿಗೆ ಕಲಿಸಿದವಳು ಫಕೀರವ್ವನೇ. ಬೀಸುಕಲ್ಲಿನ ಆಚೆ ಮಗಳು, ಈಚೆ ತಾಯಿ, ಒಂದೇ ಗೂಟಕ್ಕೆ ಇಬ್ಬರ ಕೈ. ಮಗಳ ತುಟಿ ನೋಡುತ್ತಾ ಫಕೀರವ್ವ ಯಾವ ನುಡಿ ನಡೆದಿದೆ ಎಂದು ತಿಳಿದುಕೊಳ್ಳುತ್ತಿದ್ದಳು.

೧೯೫೭ರ ಪಂಚಮಿಗೆ ರೇಣವ್ವ ಗಂಡನ ಊರಾದ ಪುರ್ತಗೇರಿಯಿಂದ ತವರಿಗೆ ಬಂದಿದ್ದಳು. ಆಗ ಧಾರವಾಡದ ರೇಡಿಯೋದವರು ಊರೂರು ತಿರುಗಿ ಯಂತ್ರದಲ್ಲಿ ಹಾಡು ಹಿಡಿದುಕೊಂಡು ಹೋಗುತ್ತಿದ್ದರು. ಅಸೂಟಿಗೂ ಬಂದರು. ಹನಮಪ್ಪ ಆ ಹೊತ್ತಿಗೆ ಹೊಲದಲ್ಲಿದ್ದ. ಕಲ್ಲಿನ ಗದ್ದಲ ಭಾಳಾಗುತ್ತದೆ, ಅದನ್ನು ನಿಲ್ಲಿಸಿ ಬರೀ ಹಾಡು ಎಂದು ಅವರಲ್ಲೊಬ್ಬ ರೇಣವ್ವನಿಗೆ ಹೇಳಿದ.

"ಕಲ್ಲ ನಿಂತ್ರ ಪದಾನೂ ನಿಲ್ಲತದ್ರಿ," ಎಂದು ಅವಳು ನಕ್ಕಳಂತೆ. "ಕೈ ಆಡಿದ್ರನ ನಮಗ ಬಾಯಿ ಆಡೂದು. ಬೇಕಾದ್ರ ನೀವೂ ಒಂದ್ ಕೈ ಹಚ್ಚರಿ."

ಅವರು ನಕ್ಕು ಒಪ್ಪಿಕೊಂಡರು. ತಾಯಿ ಮಗಳು ಜೋಳ ಬೀಸಿದರು, ಮಗಳು ಹಾಡಿದಳು.

ಪುಷ್ಯ ಮಾಸದಲ್ಲಿ ರೇಣವ್ವ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಮಣ್ಣು ಮಾಡಿ ಹದಿನೈದು ದಿನಕ್ಕೆ ಅವಳ ಹೆಸರಿಗೇ ಧಾರವಾಡದಿಂದ ಕಾಗದ ಬಂತು. ಸಾಲಿ ಮಾಸ್ತರರು ಕಟ್ಟೆಯ ಮೇಲೆ ಕೂತು ಓದಿದರು. ಬರುವ ತಿಂಗಳ ಎರಡನೇ ಗುರುವಾರ ಸಂಜೆ ಆರೂವರೆಗೆ ಹಳ್ಳಿಯವರ ಕಾರ್ಯಕ್ರಮದಲ್ಲಿ ತಮ್ಮ ಹಾಡು ಹತ್ತು ನಿಮಿಷ ಬರುತ್ತದೆ, ತಪ್ಪದೆ ಕೇಳಬೇಕು.

ಹನಮಪ್ಪ ಅದನ್ನು ಹೆಂಡತಿಯ ಕಿವಿಯಲ್ಲಿ ಕೂಗಿ ಹೇಳಿದ. ಅವಳು ಕೇಳಿದಳು:

"ನನಗೂ ಕೇಳಸೂಹಂಗ ಏನರ ಮಾಡಾಕ ಬರತದೇನ್ರಿ?"

ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಎಂಬುದೊಂದಿದೆ, ಅದರಲ್ಲಿ ದನಿ ನೇರ ಕಿವಿಯೊಳಗೇ ಇಳಿಯುತ್ತದೆ ಎಂದು ಮಾಸ್ತರರು ಹೇಳಿದ್ದೇ ತಡ, ಹನಮಪ್ಪ ಅದನ್ನು ಹುಡುಕುತ್ತ ಹೊರಟ. ರೋಣದ ತಾರು ಕಚೇರಿಯಲ್ಲಿ, ಅದು ಸರಕಾರದ್ದು, ಮುಟ್ಟಬೇಡ ಎಂದರು. ಗಜೇಂದ್ರಗಡದಲ್ಲಿ ಇಸ್ಮಾಯಿಲಸಾಬ ಎಂಬ ಮುದುಕ ಮಿಲಿಟರಿಯಿಂದ ಒಂದನ್ನು ತಂದು ಟ್ರಂಕಿನಲ್ಲಿ ಇಟ್ಟಿದ್ದಾನೆಂದು ಗೊತ್ತಾಯಿತು. ಫಕೀರವ್ವನನ್ನೂ ಕರೆದುಕೊಂಡು ಹೋದ. ಮುದುಕ ಅದನ್ನು ನೆರೆಮನೆಯ ರೇಡಿಯೋಕ್ಕೆ ಜೋಡಿಸಿ ಅವಳ ತಲೆಗೆ ಹಾಕಿದ. ಅವಳು ಕಣ್ಣು ಮುಚ್ಚಿ ಕೂತಳು. ಏನೂ ಬರಲಿಲ್ಲ.

"ಬರೇ ತಾರಿನ ಕಟ್ಟ ಕಡಾ ಕೇಳಾಕ ಮಾಡಿದ್ದಪಾ ಇದು. ಕೀಚಲ ದನಿ," ಎಂದ ಇಸ್ಮಾಯಿಲಸಾಬ, ತಪ್ಪು ತನ್ನದೇ ಎನ್ನುವಂತೆ. "ನರಗುಂದಕ್ಕ ಹೋಗು. ಕುತುಬುದ್ದೀನ ಅಂತ ರೇಡಿಯೋ ರಿಪೇರಿ ಮಾಡ್ತಾನ. ಹುಬ್ಬಳ್ಳ್ಯಾಗಿಂದ ಗುಜರಿ ಚೀಲಗಟ್ಟಲೇ ತರತಾನ."

ಕುತುಬುದ್ದೀನನ ಅಂಗಡಿ ನರಗುಂದದ ಪ್ಯಾಟೆಯಲ್ಲಿ, ಜೋಳದ ಚೀಲ ಒಟ್ಟಿದ ಎರಡು ದುಕಾನುಗಳ ನಡುವೆ ಇತ್ತು. ಮೂವತ್ತರ ಆಳು, ಮೂಗಿನ ಮೇಲೆ ದಾರ ಕಟ್ಟಿದ ಕನ್ನಡಕ. ಹನಮಪ್ಪ ಪಕ್ಕದಲ್ಲಿ ಕೂತ ಹೆಂಡತಿಗೆ ಏನೇನು ಕೇಳಿಸುವುದಿಲ್ಲ ಎಂದು ಒಂದೊಂದಾಗಿ ಹೇಳತೊಡಗಿದ. ಕುತುಬುದ್ದೀನ ಕೈ ಎತ್ತಿ ತಡೆದ.

"ಕಾಕಾ, ಕೇಳಸದ್ದು ಬಿಡು. ಕಾಕೂಗ ಏನ್ ಕೇಳಸ್ತದ, ಅದನ್ನ ಹೇಳು."

ಚಕ್ಕಡಿ, ಎಮ್ಮೆ, ಹಲಗೆ ಎಂದ ಹನಮಪ್ಪ. "ಮತ್ತ ನಾ ಬೈದದ್ದು."

"ಅದು ಎಲ್ಲಾ ಹೆಣಮಕ್ಕಳಿಗೂ ಕೇಳಸ್ತದ," ಎಂದು ಕುತುಬುದ್ದೀನ ಮೂಲೆಯ ಚೀಲವೊಂದನ್ನು ನೆಲಕ್ಕೆ ಸುರಿದ. ನಾಲ್ಕು ಹೆಡ್‌ಫೋನುಗಳನ್ನು ಒಂದಾದ ಮೇಲೆ ಒಂದು ತನ್ನ ಕಿವಿಗೆ ಹಚ್ಚಿ ನೋಡಿ ಪಕ್ಕಕ್ಕಿಟ್ಟ. ಐದನೆಯದು ಬಂಡಿಯ ಕೀಲಿನಷ್ಟು ಭಾರವಿತ್ತು. ಕಿವಿಯನ್ನೆಲ್ಲ ಮುಚ್ಚುವ ದಪ್ಪ ರಬ್ಬರಿನ ಬಟ್ಟಲು, ಬಗ್ಗದ ಉಕ್ಕಿನ ಪಟ್ಟಿ. ಅದನ್ನು ಹಾಕಿಕೊಂಡವನೇ ಹುಬ್ಬೇರಿಸಿದ.

ರೇಡಿಯೋಕ್ಕೆ ಜೋಡಿಸಿ, ಫಕೀರವ್ವನ ಸೆರಗು ಸರಿಸಿ ತಲೆಗೆ ಹಾಕಿದರು. "ಎತ್ತಿಗೆ ನೊಗಾ ಇಟ್ಟಂಗ ಕಾಣತದ," ಎಂದ ಹನಮಪ್ಪ. ಅವಳಿಗೆ ಅದು ಕೇಳಿಸಲಿಲ್ಲ. ಯಾರೋ ಎಲ್ಲಿಯೋ ತಬಲಾದ ಡಗ್ಗಾ ಬಾರಿಸುತ್ತಿದ್ದರು, ಅದರ ಗುಂ ಗುಂ ಎದೆಯೊಳಗೇ ಹುಟ್ಟಿದಂತೆ ಅವಳಿಗೆ ಕೇಳಿಸಿತು. ಅವಳು ಎರಡೂ ಕೈಯಿಂದ ಬಟ್ಟಲನ್ನು ಹಿಡಿದು ಗಟ್ಟಿಯಾಗಿ ಅತ್ತಳು. ನಾಲ್ಕು ವರ್ಷದಿಂದ ಯಾವ ದನಿಯೂ ಅಷ್ಟು ಹತ್ತಿರ ಬಂದಿರಲಿಲ್ಲ.

ಡಗ್ಗಾ ಬಂದರೆ ಮಗಳ ದನಿಯೂ ಬಂದೀತೆಂದು ಅವಳು ನಂಬಿದಳು. ಹನಮಪ್ಪನೂ ನಂಬಿದ. ಕುತುಬುದ್ದೀನ ಮಾತ್ರ, "ನೋಡೂಣು," ಎಂದ.

ತೊಡಕು ಒಂದಿತ್ತು. ಈ ಭಾರದ ಹೆಡ್‌ಫೋನಿಗೆ ಜೋರು ಸಾಲಬೇಕೆಂದರೆ ರೇಡಿಯೋದ ಬಾಯಿಯಾದ ಸ್ಪೀಕರನ್ನು ಬಿಚ್ಚಿಡಬೇಕು. ಆಗ ಹೊರಗಿನವರಿಗೆ ಏನೂ ಕೇಳಿಸದು. ಒಂದು ಬಟ್ಟಲು ಅವಳಿಗಿರಲೆಂದು ಇನ್ನೊಂದನ್ನು ಹನಮಪ್ಪ ತನ್ನ ಕಿವಿಗೆ ಹಿಡಿದು ನೋಡಿದ. ಪಟ್ಟಿ ಬಗ್ಗಲಿಲ್ಲ, ಫಕೀರವ್ವನಿಗೆ ಡಗ್ಗಾ ಸತ್ತೇ ಹೋಯಿತು.

"ಹೋಟೆಲಿನಾಗ ಒಂದ್ ರೇಡಿಯೋ ಐತಿ, ನೀ ಅಲ್ಲಿ ಕೇಳು ಕಾಕಾ," ಎಂದ ಕುತುಬುದ್ದೀನ.

"ಆ ಕಪ್ಪು-ಬಸಿ ಬಡಿಯೂ ಗದ್ದಲದಾಗ ಮಗಳನ್ನ ಕೇಳ್ಲೇನು? ಹತ್ತ ನಿಮಿಷ ಐತೆಲ್ಲ. ಐದ್ ಅಕೀಗೆ, ಐದ್ ನನಗ."

ಫಕೀರವ್ವನ ಎಡಗಿವಿಯಲ್ಲಿ ಇದನ್ನು ಕೂಗಿದಾಗ ಅವಳು ತಲೆಯಾಡಿಸಿದಳು. ಐದು ನಿಮಿಷವಾದಾಗ ಕುತುಬುದ್ದೀನ ಅವಳ ಮೊಣಕೈ ಮುಟ್ಟಬೇಕು, ಅವಳು ತೆಗೆದು ಕೊಡಬೇಕು.

ಗುರುವಾರ ಇಬ್ಬರೂ ನಾಲ್ಕು ಗಂಟೆಗೇ ಬಂದು ಅಂಗಡಿಯ ಹಲಗೆಯ ಮೇಲೆ ಕೂತರು. ಆರೂವರೆಗೆ ಕುತುಬುದ್ದೀನ ಅವಳ ತಲೆಗೆ ಅದನ್ನು ಹಾಕಿ, ಗುಂಡಿ ತಿರುಗಿಸಿ, ಬೆರಳೆತ್ತಿ ಸನ್ನೆ ಮಾಡಿದ. ಶುರುವಾಯಿತು.

ಮೊದಲು ಬಂದದ್ದು ಕಲ್ಲು. ಗುರ್‌ರ್ ಎಂದು ಸುತ್ತಿ, ತುಸು ತಡೆದು, ಮತ್ತೆ ಗುರ್‌ರ್ ಎಂದಿತು. ಅರ್ಧ ಸುತ್ತು ಜೋರಾಗಿ ಬರುತ್ತಿತ್ತು, ಅರ್ಧ ಸುತ್ತು ಮೆತ್ತಗೆ. ಜೋರಾದದ್ದು ರೇಣವ್ವನ ಕೈ, ಮೆತ್ತಗಿನದು ತನ್ನದು. ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸಿದ್ದರೂ ಹುಡುಗಿ ಎಂಥಾ ಜಗ್ಗು ಜಗ್ಗಿದ್ದಳು! ಇನ್ನೇನು ಅವಳು ಬಾಯಿ ತೆಗೆಯುತ್ತಾಳೆ ಎಂದು ಫಕೀರವ್ವ ಉಸಿರು ಬಿಗಿಹಿಡಿದಳು. ಕಲ್ಲು ಸುತ್ತಿತು. ಇದು ಮೊದಲ ನುಡಿ ಇರಬೇಕು. ಕಲ್ಲು ಸುತ್ತಿತು. ಈಗ ಎರಡನೆಯದು. ಕಲ್ಲಿನ ಮೇಲೆ ದನಿಯೊಂದು ಇದ್ದೇ ಇತ್ತು, ಅದು ಎಲ್ಲರಿಗೂ ಕೇಳಿಸುವಂಥ ದನಿ, ಅವಳಿಗೆ ಮಾತ್ರ ಆ ಜಾಗ ಬರಿದಾಗಿತ್ತು.

ಮೊಣಕೈಗೆ ಬೆರಳು ತಾಗಿತು. ಅವಳಿಗೆ ಗೊತ್ತಾಯಿತು. ಕೈ ಎತ್ತಿ, ತುಸು ತಡೆಯಿರಿ ಎಂದಳು. ಮುಂದಿನ ನುಡಿಯನ್ನು ರೇಣವ್ವ ಏರಿಸಿ ಹಾಡುತ್ತಿದ್ದಳು, ಅದಾದರೂ ಬಂದೀತು. ಬರಲಿಲ್ಲ. ಮತ್ತೆ ಬೆರಳು ತಾಗಿತು. ಬಟ್ಟಲನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡಳು, ಕಿವಿ ನೋಯುವಷ್ಟು. ಒಂದೇ ಒಂದು ಅಕ್ಷರ ಬಂದರೆ ತೆಗೆದುಕೊಟ್ಟುಬಿಡುತ್ತೇನೆ ಎಂದುಕೊಂಡಳು. ಒಂದೇ ಒಂದು.

ಕಲ್ಲು ನಿಂತಿತು.

ಕಣ್ಣು ತೆರೆದರೆ ಹನಮಪ್ಪ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಿದ್ದ, ಎರಡೂ ಕೈ ಚಾಚಿಕೊಂಡು. ಅವಳು ಗಡಬಡಿಸಿ ಹೆಡ್‌ಫೋನ್ ಕಿತ್ತು ಅವನ ತಲೆಗೆ ಹಾಕಿದಳು. ಅವನು ಕೇಳಿದ. ಕೇಳುತ್ತಲೇ ಇದ್ದ. ಆಮೇಲೆ ಮೆಲ್ಲಗೆ ತೆಗೆದು ಕುತುಬುದ್ದೀನನ ಕೈಗಿತ್ತ. ಕುತುಬುದ್ದೀನ ಒಂದು ಬಟ್ಟಲನ್ನು ತನ್ನ ಕಿವಿಗೆ ಹಚ್ಚಿ ನೋಡಿ ಗುಂಡಿ ಆರಿಸಿದ. ಅವನ ತುಟಿಯನ್ನು ಫಕೀರವ್ವ ಓದಿದಳು: ಅಡತಿಯ ಕಾಳಿನ ದರ ಹೇಳಾಕತ್ಯಾರ.

ಹನಮಪ್ಪ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಕೇಳಿಸುತ್ತಿತ್ತು.

ಅಸೂಟಿಯ ಕಡೆಗೆ ಹೊರಟಿದ್ದ ಯಾರದೋ ಚಕ್ಕಡಿಯಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಹಳ್ಳ ದಾಟಿದರು. ಹನಮಪ್ಪ ಅವಳ ಎಡಗಿವಿಗೆ ಬಂದು, ಚಕ್ಕಡಿಯವನಿಗೆ ಕೇಳಿಸಿದರೂ ಚಿಂತೆಯಿಲ್ಲವೆಂಬಂತೆ ಕೂಗಿದ:

"ಕೇಳಸ್ತೇನ? ಅಕೀ ದನಿ?"

ಫಕೀರವ್ವ ಅವನ ಮುಖ ನೋಡಿದಳು. ಅವನ ಪಾಲಿನ ಐದು ನಿಮಿಷ ಅವಳ ಹತ್ತಿರವೇ ಉಳಿದಿತ್ತು, ಅದೂ ಬರೀ ಕಲ್ಲಾಗಿ.

"ಕೇಳಸ್ತು," ಎಂದಳು.

"ಹ್ಯಾಂಗಿತ್ತು?"

"ಚಲೋ ಇತ್ರಿ. ಮೊದಲಿನಂಗನ. ಮೈಯಾಗ ಆರಾಮ ಇದ್ಲು ಅನಸ್ತದ."

"ಏನ್ ಹಾಡಿದ್ಲು?"

ಅವತ್ತು ಮಗಳ ತುಟಿಯ ಮೇಲೆ ಕಂಡದ್ದೆಲ್ಲ ಅವಳಿಗೆ ನೆನಪಿತ್ತು. ತನ್ನ ದನಿ ಯಾವ ಕಡೆಗೆ ಹೊರಳುತ್ತದೋ ತಿಳಿಯದೆ, ನಾಲ್ಕು ವರ್ಷದಲ್ಲಿ ಮೊದಲ ಸಲ ಫಕೀರವ್ವ ಹಾಡಿದಳು:

ಹಡೆದವ್ವ ಕೊಟ್ಟಂಥ ಹಸರ ಕುಬಸದ ಬಣ್ಣ
ಬಿಸಲೀಗಿ ಹೋದೀತ ನೆರಳೀಗಿ ಹಾಕೇನ
ನೆನಪೀಗಿ ಎಲ್ಲಿ ನೆರಳವ್ವ

ಚಕ್ಕಡಿ ಹೊಡೆಯುವವನು ಒಮ್ಮೆ ಹಿಂತಿರುಗಿ ನೋಡಿ ಮತ್ತೆ ಎತ್ತಿನ ಕಡೆಗೆ ತಿರುಗಿಕೊಂಡ. ಹನಮಪ್ಪ ಅವಳ ಬಾಯನ್ನೇ ನೋಡುತ್ತಿದ್ದ.

"ಇನ್ನೊಮ್ಮೆ ಅನ್ನು," ಎಂದ. "ಅಕಿ ಅಂದಂಗನ ಅನ್ನು."