ಊಟದಲ್ಲೂ ಬಾಯಿಗೆ ಬಾರದ ‘ಪುರೆ’

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಿಕ್ಕೋಡಿಯಿಂದ ಏಕಸಂಬಿಗೆ ಹೋಗುವ ರಸ್ತೆಯ ಮಗ್ಗುಲಿನ ಗುಂಡಿಯ ಹತ್ತಿರ ಮುರಗೆಪ್ಪ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ರಸ್ತೆಯಡಿ ಕೈಬೈರಿಗೆಯಿಂದ ಕೊರೆದ ರಂಧ್ರದೊಳಗಿಂದ ಉಕ್ಕಿನ ಹಗ್ಗ ಹೊರಬಂದು ಟ್ರ್ಯಾಕ್ಟರಿಗೆ ಬಿಗಿದಿದೆ. ಹಗ್ಗದ ಆಚೆ ತುದಿಗೆ, ರಸ್ತೆಯ ಇನ್ನೊಂದು ಬದಿಯ ಗುಂಡಿಯಲ್ಲಿ, ಕರಿಯ ಪ್ಲಾಸ್ಟಿಕ್ ಪೈಪು. ಟ್ರ್ಯಾಕ್ಟರಿನ ದಾದಾಸಾಹೇಬ ಎಂಜಿನ್ ಚಾಲೂ ಇಟ್ಟು ಕಾಯುತ್ತಿದ್ದಾರೆ. ಮುರಗೆಪ್ಪ ಕೈ ಎತ್ತುತ್ತಿಲ್ಲ. ಅವರು ‘ವೈನಿ’ ಎಂದು ಕರೆಯುವ ಅತ್ತಿಗೆ ತಾರವ್ವ ರಸ್ತೆ ದಾಟಿ ಬರಬೇಕು.

ರಸ್ತೆ ಕಡಿಯದೆ ಅದರಡಿಯಿಂದ ಹೊಲಗಳಿಗೆ ನೀರಿನ ಪೈಪು ದಾಟಿಸುವುದು ಇವರ ಕಸುಬು. “ನಸುಕಿನ್ಯಾಗ ಎಳೀಬೇಕ್ರಿ. ಬಿಸಲೇರಿತಂದ್ರ ಪೈಪ ಮೆತ್ತಗಾಗತೈತಿ. ಜಗ್ಗಿದ್ರ ಸಣ್ಣಾಗತೈತಿ, ಎರಿಮಣ್ಣ ಒತ್ತಿತಂದ್ರ ಚಪ್ಪಟಿ ಆಗತೈತಿ” ಎನ್ನುತ್ತಾರೆ ಮುರಗೆಪ್ಪ. ಎಳೆದು ಮುಗಿದ ಮೇಲೆ ಪೈಪಿಗೆ ಕಣ್ಣಿಟ್ಟು ನೋಡುತ್ತಾರೆ. ಆಚೆಯ ಬೆಳಕು ರೂಪಾಯಿಯಂತೆ ದುಂಡಗೆ ಕಾಣಬೇಕು. ಹುಣಸೆಬೀಜದಂತೆ ಕಂಡರೆ ದುಡಿಮೆಯೆಲ್ಲ ನೀರುಪಾಲು. ಮೇಲೆ ಬಸ್ಸಿನಲ್ಲಿ ಹೋಗುವ ನಮಗೆ ಒಂದು ಕುಲುಕೂ ಇಲ್ಲ. ಯಾಕಿಲ್ಲ ಎಂದು ನಾವು ಕೇಳುವುದೂ ಇಲ್ಲ.

ಐದು ವರ್ಷದ ಹಿಂದೆ, ತೊಂಬತ್ತೆರಡರ ಬೇಸಿಗೆಯಲ್ಲಿ, ಇಂಥದೇ ಒಂದು ಕೆಲಸದಲ್ಲಿ ಆಚೆಯ ಗುಂಡಿಯಲ್ಲಿ ನಿಂತು ಪೈಪು ಒಳಗೆ ಬಿಡುತ್ತಿದ್ದವರು ಮುರಗೆಪ್ಪನ ಅಣ್ಣ, ತಾರವ್ವನ ಗಂಡ ಭರಮು. ಅಂದು ಟ್ರ್ಯಾಕ್ಟರ್ ತಡವಾಗಿ ಬಂತು. ಸುಡುವ ಮಧ್ಯಾಹ್ನದಲ್ಲೇ ಎಳೆದರು. ಮೆತ್ತಗಾದ ಪೈಪು ನಡುದಾರಿಯಲ್ಲಿ ಚಪ್ಪಟೆಯಾಗಿ ಸಿಕ್ಕಿಕೊಂಡಿತು, ಅದರ ಬಾಲ ಅದುರಿ ಗುಂಡಿಯ ಗೋಡೆ ಬಿರಿಯತೊಡಗಿತು. ಭರಮು ರಂಧ್ರಕ್ಕೆ ಬಾಯಿಟ್ಟು ‘ಪುರೆ, ಪುರೆ’ ಎಂದು ಕೂಗಿದರು. ಈ ಕಡೆಯವರ ಮಾತಿನಲ್ಲಿ ಮರಾಠಿಯ ‘ಪುರೆ’ ಎಂದರೆ ಸಾಕು. ‘ಪೂರಾ’ ಎಂದರೆ ಪೂರ್ತಿ.

“ಎಂಜಿನ್ ಸಪ್ಪಳದಾಗ ನನಗ ಪೂರಾ ಅಂತ ಕೇಳಿಸಿತ್ರಿ. ಪೂರಾ ಎಳಿ ಅನ್ನಾಕತ್ತಾನ ಅಂತ ಕೈ ಎತ್ತಿದೆ. ಗುಂಡಿ ಕುಸದ ಬಿತ್ತು. ಮಣ್ಣ ತಗಿಯೂದ್ರಾಗ ಅಣ್ಣ ಹೋಗಿದ್ದ.”

ಮೂರನೆಯ ದಿನ ಬೇರೆಯವರು ಬಂದು ಪೈಪು ಎಳೆದು ಮುಗಿಸಿದರು. ಆ ಹೊಲಕ್ಕೆ ಇಂದಿಗೂ ನೀರು ಹರಿಯುತ್ತಿದೆ.

ಆಮೇಲಿನ ಕೆಲಸಕ್ಕೆ ತಾರವ್ವ ತಾವಾಗಿಯೇ ಬಂದರು. “ಕೂಗೂದು ಬ್ಯಾಡ. ನಾ ಕಣ್ಣಿಲೆ ನೋಡಿ, ನಡಕೊಂಡ ಬಂದು ಹೇಳತೇನಿ ಅಂದೆ” ಎನ್ನುತ್ತಾರೆ. ಈಗ ಆಚೆಯ ಗುಂಡಿಯಲ್ಲಿರುವ ಜಕ್ಕಪ್ಪ ಮೇಲೆ ಹತ್ತಿದ್ದನ್ನು ನೋಡಿಯೇ ಅವರು ಹೊರಡುವುದು. ಕಬ್ಬಿನ ಗಾಡಿಗಳು ಅಡ್ಡ ಬಂದರೆ ಕಾಯುತ್ತಾರೆ. ಹೊತ್ತು ಹಾಳಾಗುತ್ತದೆಂದು ಗುತ್ತಿಗೆದಾರರು ಗೊಣಗುತ್ತಾರೆ, ಕೆಲವರು ಇವರನ್ನು ಕರೆಯುವುದನ್ನೇ ಬಿಟ್ಟಿದ್ದಾರೆ. ಹಾಗೆ ಬಿಟ್ಟವರ ಮೇಲೆ ನನಗೆ ಸಿಟ್ಟು ಬರುತ್ತದೆ.

ತಾರವ್ವ ಬಂದರು. “ಜಕ್ಕಪ್ಪ ಮ್ಯಾಲ ಬಂದಾನ. ಎಳೀರಿ” ಎಂದರು. ಆಗ ಮುರಗೆಪ್ಪನ ಕೈ ಮೇಲೆದ್ದಿತು. ಪೈಪು ಬಂತು, ಬೆಳಕು ದುಂಡಗೇ ಇತ್ತು. ಯಾರೂ ನಗಲಿಲ್ಲ.

ಬೇವಿನ ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ತಾರವ್ವ ಇನ್ನೊಂದು ಸೌಟು ಪಲ್ಯ ಹಾಕಲು ಬಂದಾಗ ಮುರಗೆಪ್ಪ ಮಾತಾಡದೆ ತಾಟಿಗೆ ಅಂಗೈ ಅಡ್ಡ ಹಿಡಿಯುತ್ತಾರೆ. ಅವರ ಮನೆಯಲ್ಲಿ ಐದು ವರ್ಷದಿಂದ ಎಲ್ಲರೂ ಸಾಕು ಎನ್ನುವುದು ಹೀಗೆಯೇ.

ತಾರವ್ವ ತಂಬಿಗೆ ತೊಳೆಯಲು ಹೋದಾಗ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಮುರಗೆಪ್ಪ ತಾಟನ್ನು ಬದಿಗಿಡುತ್ತಾರೆ.

“ಹಿಂಗ ಉಣ್ಣಾಕ ಕುಂತಾಗ, ಒಂದಿನ ಬಾಯಿಬಿಟ್ಟು ಪುರೆ ಅನ್ನಬೇಕ್ರಿ. ವೈನಿ ಅದನ್ನ ಕೇಳಿಸ್ಕೊಂಡು, ಬಡಸೂದ ನಿಲ್ಲಸಬೇಕು. ಅಷ್ಟ.”