ಒಂದನೇ ದರ್ಜೆಯ ದನಿ

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದಾಗ ಅಪ್ಪ ಬಿಟ್ಟಂಗಾಲದ ಬಳಿಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಸಾಹುಕಾರರು ಹೊಸ ರೇಡಿಯೊ ತಂದಾಗ ಹಳೆಯದು ನಮ್ಮ ಮನೆಗೆ ಬಂತು. ಬ್ಯಾಟರಿ ಚಾರ್ಜ್ ಮಾಡಿಸಲು ಬಸ್ಸಿನಲ್ಲಿ ವಿರಾಜಪೇಟೆಗೆ ಕಳಿಸಬೇಕಿತ್ತು. ಹಾಗಾಗಿ ಸಂಜೆ ಅರ್ಧ ಗಂಟೆ, ಒಬ್ಬರ ಮಾತು ಮಾತ್ರ.

ಯಾರ ಮಾತು ಎಂಬುದನ್ನು ಅಪ್ಪ ಕಾಫಿ ಬೀಜ ವಿಂಗಡಿಸುವಂತೆ ತೀರ್ಮಾನಿಸಿದರು. ಗೋಡೌನಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದನಿಗಳ ಪಟ್ಟಿ: ಒಂದನೇ ದರ್ಜೆ, ಎರಡನೇ ದರ್ಜೆ, ಕೆಳಗೆ ಎಸೆಯುವ ಕರಿಬೀಜ. ಕೇಳಲು ಬರುತ್ತಿದ್ದ ಮೇಸ್ತ್ರಿ, ಡ್ರೈವರ್ ತಮಗೆ ಬೇಕಾದ ದನಿಗೆ ಕೈ ಎತ್ತುತ್ತಿದ್ದರು. ಗಂಡ ತೀರಿದ ಮೇಲೆ ಕೊಡ್ಲಿಪೇಟೆಯಿಂದ ಬಂದು ನಮ್ಮಲ್ಲೇ ಉಳಿದ ಅತ್ತೆಯನ್ನು ಯಾರೂ ಕೇಳಲಿಲ್ಲ. ರೇಡಿಯೊದಲ್ಲಿ ಮನೆವಾರ್ತೆಯ ಬಗ್ಗೆ ಮೆಲ್ಲಗೆ ಮಾತಾಡುವ ಒಬ್ಬ ಹೆಂಗಸು ಅವರಿಗೆ ಬೇಕಿದ್ದಳು. ದಿನಕ್ಕೊಂದು ಸಲ ತನ್ನೊಡನೆ ಮಾತಾಡುವವಳು ಅವಳೊಬ್ಬಳೇ ಎನ್ನುತ್ತಿದ್ದರು. ಅವಳು ಕರಿಬೀಜ.

ಒಂದನೇ ದರ್ಜೆಯವನು ನಮ್ಮ ಹಾಗೇ ಮಾತಾಡುತ್ತಿದ್ದ. ಕನ್ನಡದಲ್ಲಿ ಶುರು ಮಾಡಿ ಮಲಯಾಳಕ್ಕೆ ಜಾರಿ ಮತ್ತೆ ಕನ್ನಡಕ್ಕೆ ಬರುತ್ತಿದ್ದ. ಗೊಬ್ಬರದ ಬಗ್ಗೆ ತಾನೇ ಪ್ರಶ್ನೆ ಎತ್ತಿ, ಸತ್ತವರ ಬಗ್ಗೆ ಉತ್ತರ ಹೇಳುತ್ತಿದ್ದ. ಒಮ್ಮೆ 'ಬಾಗಿಲು ಹಾಕಿದ್ದೀರಾ' ಎಂದ. ನಾವೆಲ್ಲ ತಿರುಗಿ ನೋಡಿದೆವು, ಬಾಗಿಲು ತೆರೆದಿತ್ತು. ಇದು ನನಗೆ ನೆನಪಿರುವುದು. ಅವನು ಹಾಗೆ ಅನ್ನಲೇ ಇಲ್ಲ, ಬಾಗಿಲು ತಾನಾಗಿ ತೆರೆದುಕೊಂಡಿತು ಎಂದು ಎಷ್ಟೋ ವರ್ಷಗಳ ನಂತರ ಮೇಸ್ತ್ರಿ ಹೇಳಿದ. ಯಾವುದು ಹೆಚ್ಚು ಸಮಾಧಾನದ್ದೋ ಗೊತ್ತಿಲ್ಲ.

ಒಂದು ಸಂಜೆ ಅತ್ತೆ ಅಪ್ಪನಿಗೆ ಅಂದರು: "ಅದು ಒಬ್ಬನ ದನಿ ಅಲ್ಲ ಕಣೋ, ಇಬ್ರದ್ದು. ಒಬ್ಬ ಉಸ್ರು ತಗೊಳೋವಾಗ ಇನ್ನೊಬ್ಬ ಮಾತಾಡ್ತಾನೆ."

"ನಮ್ಮಲ್ಲಿ ಒಂದೇ ಭಾಷೇಲಿ ಮಾತಾಡೋರು ಯಾರಿದಾರಕ್ಕ?" ಎಂದು ಅಪ್ಪ ನಕ್ಕರು. "ಮೇಸ್ತ್ರಿ ಹತ್ರ ನೀನೂ ಹಂಗೇ ತಾನೆ?"

ಅತ್ತೆ ಎದ್ದು ರೇಡಿಯೊದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಗೊಬ್ಬರದವನು ಒಬ್ಬನೇ, ಕನ್ನಡದಲ್ಲಿ. ಇನ್ನೊಂದು ಕಡೆಗೆ ತಿರುಗಿಸಿದರೆ ಬೇರೆ ಯಾರೋ, ಮಲಯಾಳದಲ್ಲಿ. ಎರಡು ಸ್ಟೇಷನ್‌ಗಳು ಒಂದರೊಳಗೊಂದು ಬೆರೆತಿದ್ದವು. ಅಪ್ಪ ನಡುವಿನ ಜಾಗ ಹುಡುಕಿದರು. ಬರೀ ಗೊರಗೊರ ಸದ್ದು. ನಾವು ಕೈ ಎತ್ತಿ ಆರಿಸಿದವನು ಮತ್ತೆಂದೂ ಸಿಗಲಿಲ್ಲ.

ಅಪ್ಪ ಗೋಡೌನಿನ ಬಾಗಿಲ ಮೇಲಿನ ದರ್ಜೆಗಳನ್ನೆಲ್ಲ ಒರೆಸಿ ಅತ್ತೆಯ ಹೆಂಗಸನ್ನು ಹಾಕಿದರು. ಅವಳು ಉಪ್ಪಿನಕಾಯಿ ಕೆಡದಂತೆ ಇಡುವುದನ್ನು ಹೇಳತೊಡಗಿದಳು. ಉಸಿರಿಗೆಂದು ನಿಂತಳು. ಎಲ್ಲರೂ ರೇಡಿಯೊ ಕಡೆ ಬಾಗಿದರು, ಅತ್ತೆಯೂ.

ಆ ಬಿಡುವಿನಲ್ಲಿ ಬೇರೆ ದನಿ ಬರಲಿಲ್ಲ. ಅವಳೇ ಮುಂದುವರಿಸಿದಳು. ಮತ್ತೆ ನಿಂತಾಗಲೂ ನಾವು ಇನ್ನೊಂದು ದನಿಗೇ ಕಾದೆವು; ಅತ್ತೆ ಕೈ ಚಾಚಿ ರೇಡಿಯೊ ಬಂದ್ ಮಾಡಿದರು.